ವಾಷರಮ್ಮನ ಹಿಂದೆ ಹೊರಟ ಕಾರು

ಲೆಕ್ಕದ ಮೇಷ್ಟ್ರು ಬಾನೆಟ್ ಎತ್ತಿದ್ದೇ ತಡ, ಸುಟ್ಟ ಎಣ್ಣೆಯ ಹೊಗೆ ನೇರ ಮುಖಕ್ಕೆ ಬಡಿಯಿತು. ಕೆಮ್ಮುತ್ತಾ ಎರಡು ಹೆಜ್ಜೆ ಹಿಂದೆ ಸರಿದರು. ಎಂಜಿನ್ನಿಗೆ ಎಣ್ಣೆ ಹಾಕುವ ಬಾಯಿಯ ಮುಚ್ಚಳದ ಸುತ್ತ ಎಣ್ಣೆ ಗುಳ್ಳೆಗುಳ್ಳೆಯಾಗಿ ಉಕ್ಕಿ, ಬಿಸಿ ಲೋಹದ ಮೇಲೆ ಹರಿದು ಚುರುಗುಟ್ಟುತ್ತಿತ್ತು.

ಮನೆಯೊಳಗೆ, ವಾಷರು ಸೀಲುಗಳ ಅಂಗಡಿ ನಡೆಸುತ್ತಿದ್ದ ವಾಷರಮ್ಮನ ದೇಹವನ್ನು ಮಲಗಿಸಿದ್ದರು. ಹೊರಡಲು ಇನ್ನು ಒಂದು ಗಂಟೆ ಇತ್ತು. ಒಳಗೆ ಹೋಗಿ ಮುಖ ನೋಡಿ ಬಂದವರೆಲ್ಲ ಒಬ್ಬೊಬ್ಬರಾಗಿ ಕಾರಿನ ಸುತ್ತ ಸೇರಿಕೊಂಡರು.

"ನನ್ನ ಕಾರಲ್ಲಿ ಹೋಗೋಣ ಬನ್ನಿ ಭಾವ," ಎಂದಳು ವಾಷರಮ್ಮನ ತಂಗಿ. "ಹೊಸದು, ಎಸಿ ಇದೆ. ಇದು ಐವತ್ತು ವರ್ಷದ ಮುದುಕ, ದಾರೀಲೇ ಕೂತ್ಬಿಟ್ರೆ?"

ವಾಷರಮ್ಮನ ಗಂಡ ಟೈಲರು. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದವರು ಬೇಡವೆಂದು ತಲೆಯಾಡಿಸಿದರು. "ಅವಳು ಹೇಳಿದ್ದು ಈ ಕಾರು."

ಹೇಳಿದ್ದು ನಿಜ. ಹೋದ ವಾರ ಆಸ್ಪತ್ರೆಯಲ್ಲಿ ಮಗಳ ಕೈ ಹಿಡಿದುಕೊಂಡು, "ನಾನು ಮುಂದೆ ವ್ಯಾನಲ್ಲಿ ಹೋಗ್ತಿರ್ತೀನಿ. ನೀನು ನಿಮ್ಮಪ್ಪನ್ನ ಮೇಷ್ಟ್ರ ಕಾರಲ್ಲಿ ಕೂರಿಸ್ಕೊಂಡು ಹಿಂದೆ ಬಾ. ಆ ಎಂಜಿನ್ ಸದ್ದು ಕೇಳಿಸ್ತಿದ್ರೆ ನಂಗೆ ಬೇಜಾರಾಗಲ್ಲ," ಎಂದು ಹೇಳಿ, ಕೆಮ್ಮು ಬರುವಷ್ಟು ನಕ್ಕಿದ್ದರು. "ಸುಮ್ನಿರಮ್ಮ" ಎಂದು ಗದರಿದ ಮಗಳು ಆಮೇಲೆ ತಾನೂ ನಕ್ಕಿದ್ದಳು.

ನೆಂಟರ ನಡುವೆ ನಿಂತಿದ್ದ ಮೆಕ್ಯಾನಿಕ್ ಅಂಗಿಯ ತೋಳು ಮಡಿಚಿ, ಬಟ್ಟೆ ಸುತ್ತಿ ಮುಚ್ಚಳ ತಿರುಗಿಸಿ ತೆಗೆದ. ಅದರೊಳಗಿನ ರಬ್ಬರ್ ಸೀಲು ಚಪ್ಪಟೆಯಾಗಿ ಕಲ್ಲಾಗಿತ್ತು. ಉಗುರಿನಿಂದ ಒತ್ತಿದರೆ ಲಟಕ್ಕನೆ ಮುರಿಯಿತು.

"ಇದು ಅಮ್ಮನ ಅಂಗಡೀದಲ್ಲ," ಎಂದ.

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. "ಅವರು ಆಸ್ಪತ್ರೆ ಸೇರಿ ನಾಲ್ಕು ತಿಂಗಳಾಯ್ತಲ್ಲ... ಸರ್ವಿಸ್ ಮಾಡಿಸುವಾಗ ಹಳೇದು ಎಲ್ಲೋ ಬಿದ್ದುಹೋಯ್ತು. ಅಂಗಡಿ ಬಾಗಿಲು ಹಾಕಿತ್ತು. ಬೇರೆ ಕಡೆ ತಗೊಂಡೆ."

"ಅಮ್ಮ ಇದ್ದಿದ್ರೆ ನಿಮ್ಮನ್ನ ಬೆಂಚಿನ ಮೇಲೆ ನಿಲ್ಲಿಸ್ತಿದ್ರು ಸಾರ್."

ನಾಲ್ಕಾರು ಮಂದಿ ಗೊಳ್ಳೆಂದು ನಕ್ಕರು. ಸಾವಿನ ಮನೆಯೆಂದು ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದರು.

"ನಗ್ರಿ, ಪರವಾಗಿಲ್ಲ," ಎಂದಳು ಮಗಳು ಕಿಟಕಿಯಿಂದ. "ಅಮ್ಮ ಇದ್ದಿದ್ರೆ ಮೊದಲು ಅವಳೇ ನಗ್ತಿದ್ಲು."

*

ಇಪ್ಪತ್ತೆರಡು ವರ್ಷದ ಹಿಂದೆ ಮೇಷ್ಟ್ರು ಆ ಮುಚ್ಚಳವನ್ನು ಪೇಪರಿನಲ್ಲಿ ಸುತ್ತಿಕೊಂಡು ಮೊದಲ ಸಲ ಅಂಗಡಿಗೆ ಬಂದಿದ್ದರು. ಅಂಗಡಿಯೆಂದರೆ ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು. ನೆಲದಿಂದ ಸೂರಿನವರೆಗೆ ಸಣ್ಣ ಸಣ್ಣ ಡ್ರಾಯರುಗಳು. ಅವುಗಳ ತುಂಬ ವಾಷರು, ಸೀಲು, ರಬ್ಬರಿನ ಬಳೆಗಳು.

"ಇದಕ್ಕೆ ಯಾವುದಾದ್ರೂ ಒಂದು ಸೀಲು ಕೊಡಿ," ಎಂದರು ಮೇಷ್ಟ್ರು.

"ಯಾವುದಾದ್ರೂ ಒಂದು ಅನ್ನೋ ಸೀಲು ನನ್ನ ಹತ್ರ ಇಲ್ಲ," ಎಂದರು ವಾಷರಮ್ಮ. "ಹಳೇ ಎಂಜಿನ್ನು, ಜಾಸ್ತಿ ಕಾಯುತ್ತೆ. ಒಂದು ತಿಂಗಳು ಬಿಟ್ಟು ಬನ್ನಿ."

ಆ ಒಂದು ತಿಂಗಳು ಟೈಲರ ಹಿತ್ತಿಲಿನ ಒಲೆಯ ಮೇಲೆ ಹಳೆಯ ಬಾಣಲೆಯೊಂದು ಕೂತಿತ್ತು. ಅದರಲ್ಲಿ ಎಂಜಿನ್ ಎಣ್ಣೆ, ಎಣ್ಣೆಯಲ್ಲಿ ನಾಲ್ಕು ಬಗೆಯ ಸೀಲು. ಯಾವುದು ಯಾವುದೆಂದು ಗುರುತಿಗೆ ಒಂದೊಂದಕ್ಕೂ ಒಂದೊಂದು ಬಣ್ಣದ ದಾರ. ದಿನಾ ಕಾಯಿಸುವುದು, ಆರಿಸುವುದು, ಮತ್ತೆ ಕಾಯಿಸುವುದು.

"ಈ ಮನೇಲಿ ಅಡುಗೆಗಿಂತ ಸೀಲೇ ಚೆನ್ನಾಗಿ ಬೇಯುತ್ತೆ," ಎಂದು ಟೈಲರು ಗೊಣಗಿದರು.

ತಿಂಗಳಾದ ಮೇಲೆ ವಾಷರಮ್ಮ ನಾಲ್ಕನ್ನೂ ಒರೆಸಿ ಗಂಡನ ಮುಂದಿಟ್ಟರು. "ನಿಮ್ಮ ಬೆರಳು ನನ್ನ ಬೆರಳಿಗಿಂತ ಚುರುಕು. ಕಣ್ಣು ಮುಚ್ಕೊಂಡು ಮುಟ್ಟಿ ಹೇಳಿ."

"ಇದು ಪುಡಿಪುಡಿ ಆಗ್ತಿದೆ."

"ಕಾರ್ಕು. ಒಣಗಿಹೋಯ್ತು."

"ಇದು ಊದಿಕೊಂಡಿದೆ, ಮೆತ್ತಗಿದೆ."

"ಮಾಮೂಲಿ ರಬ್ಬರು. ಎಣ್ಣೆ ಕುಡಿದಿದೆ."

"ಇದು ನುಣುಪಾಗೇನೋ ಇದೆ. ಆದ್ರೆ ಹಿಗ್ಗಿದೆ, ಅಳತೆ ತಪ್ಪಿದೆ."

"ಕೆಂಪು ಸಿಲಿಕೋನು. ಕಾವು ತಡೀತು, ಎಣ್ಣೆ ತಡೀಲಿಲ್ಲ. ಕೊನೇದು?"

ಟೈಲರು ನಾಲ್ಕನೆಯದನ್ನು ಹಿಂಡಿದರು, ಬಿಟ್ಟರು, ಇನ್ನೊಮ್ಮೆ ಹಿಂಡಿದರು. "ಒಳ್ಳೇ ಬಟ್ಟೆ ಥರ. ಮುದುರಿದ್ರೂ ಮೊದಲಿನ ಹಾಗೇ ಬರ್ತಿದೆ."

ಕಂದು ಬಣ್ಣದ ಆ ಸೀಲಿಗೆ ಹಸಿರು ದಾರ ಕಟ್ಟಿತ್ತು. ಕಾವು, ಎಣ್ಣೆ ಎರಡನ್ನೂ ತಡೆಯಲೆಂದೇ ಮಾಡಿದ ರಬ್ಬರು. ಮೇಷ್ಟ್ರ ಕಾರಿನಲ್ಲಿ ಅದು ಒಂದು ಹನಿ ಸೋರದೆ ಕೂತಿತ್ತು.

*

"ಅಂಗಡಿ ಬೀಗದ ಕೈ ಕೊಡು," ಎಂದರು ಟೈಲರು ಮಗಳಿಗೆ.

"ನೀನಾ? ಅಂಗಡಿಗಾ?" ಎಂದಳು ಮಗಳು.

ರಬ್ಬರಿನ ವಾಸನೆ ಗಿರಾಕಿಗಳ ಬಟ್ಟೆಗೆ ಹತ್ತುತ್ತದೆಂದು ಟೈಲರು ಮೂವತ್ತೆಂಟು ವರ್ಷ ಆ ಹೊಸ್ತಿಲು ತುಳಿದಿರಲಿಲ್ಲ. ಈಗ ಮುಂದೆ ಅವರು, ಹಿಂದೆ ಮುಚ್ಚಳ ಹಿಡಿದ ಮೆಕ್ಯಾನಿಕ್, ಅವನ ಹಿಂದೆ ಮೇಷ್ಟ್ರು, ಮಗಳು ಬೀದಿಯ ತುದಿಯವರೆಗೆ ನಡೆದರು. ಶಟರ್ ಎತ್ತಿ ಒಳಗೆ ನೋಡಿದ ಮೆಕ್ಯಾನಿಕ್ ತಲೆಯ ಮೇಲೆ ಕೈ ಹೊತ್ತ.

"ಸತ್ವಿ. ಒಂದಕ್ಕೂ ಚೀಟಿ ಅಂಟಿಸಿಲ್ಲ. ಎಲ್ಲಾ ಅಮ್ಮನ ತಲೇಲೇ ಇತ್ತು."

ಟೈಲರು ಡ್ರಾಯರುಗಳ ಹಿಡಿಯನ್ನೇ ನೋಡುತ್ತಿದ್ದರು. ಒಂದೊಂದು ಹಿಡಿಗೂ ಒಂದೊಂದು ಎಳೆ ದಾರ: ನೀಲಿ, ಕೆಂಪು, ಹಳದಿ, ಹಸಿರು. ಗಂಟು ಕೂಡ ಟೈಲರು ಹಾಕುವಂಥದ್ದೇ.

"ಕಳ್ಳಿ!" ಎಂದರು. "ನನ್ನ ದಾರದ ಉಂಡೆ ಎಲ್ಲಿ ಮಾಯ ಆಗುತ್ತೆ ಅಂತ ನಾನು ಇಷ್ಟು ವರ್ಷ ಮೆಷಿನ್ ಕೆಳಗೆ ಹುಡುಕ್ತಿದ್ದೆ."

ಹಸಿರು ದಾರದ ಡ್ರಾಯರುಗಳಿಂದ ಮೂರು ಕಂದು ಸೀಲು ಆರಿಸಿದರು. ಮುಚ್ಚಳದೊಳಗಿನ ತೋಡಿನಲ್ಲಿ ಮೊದಲನೆಯದು ಸಡಿಲವಾಗಿ ಆಡಿತು. ಎರಡನೆಯದು ಮೇಲೆದ್ದು ನಿಂತಿತು. "ದಪ್ಪ ಆಯ್ತು. ಬಿಗಿ ಮಾಡಿದ್ರೆ ಅಳತೆ ತಪ್ಪಿದ ತೋಳಿನ ಹಾಗೆ ಸುಕ್ಕಾಗುತ್ತೆ." ಮೂರನೆಯದನ್ನು ಬೆಳಕಿಗೆ ಹಿಡಿದು, ಎಳೆದು, ಬಿರುಕಿದೆಯೇ ಎಂದು ಸುತ್ತಲೂ ನೋಡಿ, ಹಿಂಡಿ ಬಿಟ್ಟರು. ಅದು ತೋಡಿನೊಳಗೆ ಕೂತ ಸದ್ದೂ ಆಗಲಿಲ್ಲ.

"ಎಂಜಿನ್ ಬಾಯಿಯ ಅಂಚು ಗೀರಿದೆಯಾ, ಬೆರಳಾಡಿಸಿ ನೋಡು," ಎಂದರು ಮೆಕ್ಯಾನಿಕ್‌ಗೆ. "ಅಂಚು ಹಾಳಾಗಿದ್ರೆ ಚಿನ್ನದ ಸೀಲು ಹಾಕಿದ್ರೂ ಸೋರುತ್ತೆ."

"ಇದು ಅಮ್ಮನ ಮಾತು," ಎಂದ ಮೆಕ್ಯಾನಿಕ್, ಬೆರಗಾಗಿ.

"ಊಟಕ್ಕೆ ಕೂತಾಗೆಲ್ಲ ಇದೇ ಮಾತು." ಟೈಲರು ಡ್ರಾಯರನ್ನು ಮೆಲ್ಲಗೆ ಒಳಕ್ಕೆ ತಳ್ಳಿದರು. "ನಾನು ತಟ್ಟೆ ನೋಡ್ಕೊಂಡು ಊಟ ಮಾಡ್ತಿದ್ದೆ. ನೀವು ಕೇಳಿಸ್ಕೊಳ್ಳೋದೇ ಇಲ್ಲ ಅಂತ ಅವಳಿಗೆ ಸಿಟ್ಟು. ಕೇಳಿಸ್ಕೊಳ್ತಿದೀನಿ ಕಣೇ ಅಂತ ಒಂದು ಸಲ ಹೇಳ್ಬಹುದಿತ್ತು."

ಮಗಳು ಅಪ್ಪನ ತೋಳಿಗೆ ತೋಳು ಸೇರಿಸಿದಳು. "ಗೊತ್ತಿತ್ತು ಬಿಡಪ್ಪ ಅವಳಿಗೆ. ಕೇಳದೇ ಇರೋರಿಗೆ ದಿನಾ ಯಾರು ಹೇಳ್ತಾರೆ?"

ಕಾರಿನ ಹತ್ತಿರ ಹಿಂತಿರುಗಿ ನೋಡಿದರೆ ಅಂಚಿನಲ್ಲಿ ಗೀರು ಇರಲಿಲ್ಲ. ಮೆಕ್ಯಾನಿಕ್ ಎಂಜಿನ್ ಮೇಲಿನ ಎಣ್ಣೆಯನ್ನೆಲ್ಲ ಒರೆಸಿ, ಕಡಿಮೆಯಾದಷ್ಟು ತುಂಬಿದ. ಟೈಲರು ಸೀಲಿಗೆ ಬೆರಳ ತುದಿಯಿಂದ ಎಣ್ಣೆ ಸವರಿ ತಾವೇ ಮುಚ್ಚಳ ತಿರುಗಿಸಿದರು. ಮೆಕ್ಯಾನಿಕ್ ಸ್ಪ್ಯಾನರ್ ಚಾಚಿದಾಗ ತಡೆದರು. "ಬೇಡ. ಕೈಬಿಗಿ ಸಾಕು."

ಹೇಳಿದ ಹೊತ್ತಿಗೇ ವ್ಯಾನು ಹೊರಟಿತು. ಹಿಂದೆ ಮೇಷ್ಟ್ರ ಕಾರು. ಮೇಷ್ಟ್ರು ಪರೀಕ್ಷೆಗೆ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಓಡಿಸಿದರು. ಹಿಂದಿನ ಸೀಟಿನಲ್ಲಿ ತಂಗಿಯೂ ಇದ್ದಳು. ತನ್ನ ಹೊಸ ಕಾರನ್ನು ನೆಂಟರಿಗೆ ಬಿಟ್ಟುಕೊಟ್ಟು ಹತ್ತಿಕೊಂಡಿದ್ದಳು.

"ಸದ್ದು ಚೆನ್ನಾಗಿದೆ ಅಲ್ವಾ ಭಾವ," ಎಂದಳು ಸೇತುವೆ ದಾಟುವಾಗ. "ಹೊಲಿಗೆ ಮೆಷಿನ್ ಥರ."

"ಅದಕ್ಕೇ ಅವಳಿಗೆ ಇಷ್ಟ," ಎಂದರು ಟೈಲರು.

ಮಣ್ಣು ಮಾಡುವ ಕೆಲಸ ಮುಗಿದು ಎಲ್ಲರೂ ಗೇಟಿನ ಹತ್ತಿರ ಬಂದಾಗ ಬಿಸಿಲು ಇಳಿದಿತ್ತು. ಮೇಷ್ಟ್ರು ಕಾರಿನ ಬಾಗಿಲು ತೆರೆದರು. ಟೈಲರು ಹತ್ತಲಿಲ್ಲ.

"ಬಾನೆಟ್ ಎತ್ತಿ ಮೇಷ್ಟ್ರೇ."

ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದ ಇಪ್ಪತ್ತು ಮೂವತ್ತು ಜನ ಎಂಜಿನ್ನಿನ ಮೇಲೆ ಬಗ್ಗಿದರು. ಟೈಲರು ಜೇಬಿನಿಂದ ಬಿಳಿಯ ಕರವಸ್ತ್ರ ತೆಗೆದು ಮುಚ್ಚಳದ ಸುತ್ತ ಒಂದು ಸುತ್ತು ಒತ್ತಿ ಒರೆಸಿದರು. ಮತ್ತೊಂದು ಸುತ್ತು. ಬಿಡಿಸಿ ಬೆಳಕಿಗೆ ಎತ್ತಿ ಹಿಡಿದರು.

"ಪಾಸಾ?" ಎಂದರು ಮೇಷ್ಟ್ರು, ಉಸಿರು ಬಿಗಿಹಿಡಿದು.

"ಪಾಸು."

ಚಪ್ಪಾಳೆಯೊಂದು ಬಿತ್ತು, ಎಲ್ಲರೂ ನಕ್ಕರು. ಈ ಸಲ ಯಾರೂ ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ಆ ನಗುವಿನ ನಡುವೆ ಟೈಲರು ಕರವಸ್ತ್ರವನ್ನು ಅಂಚಿಗೆ ಅಂಚು ಕೂಡಿಸಿ ನಾಲ್ಕಾಗಿ ಮಡಿಚಿದರು; ಎಂಜಿನ್ನಿನ ಬಿಸಿ ಇನ್ನೂ ಆರದ ಆ ಬಟ್ಟೆಯನ್ನು ಎರಡೂ ಕಣ್ಣಿಗೆ ಒತ್ತಿ ಹಿಡಿದುಕೊಂಡು, ಹಾಗೇ ನಿಂತರು.