ಸುಣ್ಣ ಹೊಡೆದ ಓಣಿ

ಹಾಲಮ್ಮನ ಮನೆಗೆ ಮೊದಲ ಸಲ ಹೋದಾಗ ಒಳಗೆ ಕಾಲಿಡಲು ಆಗಿರಲಿಲ್ಲ. ಅಣೆಕಟ್ಟೆಯ ಗೇಟು ತೆಗೆದು ಎರಡು ದಿನವಾಗಿತ್ತು. ಓಲ್ಡ್ ಟೌನ್‌ನಿಂದ ಹೊಳೆಯ ಕಡೆಗೆ ಇಳಿಯುವ ಆ ಓಣಿಗೆ ಭದ್ರೆ ನುಗ್ಗಿ, ಒಂದು ಹಗಲು ಒಂದು ರಾತ್ರಿ ನಿಂತು, ಹಿಂದಕ್ಕೆ ಹೋಗಿತ್ತು. ನಾನು ಊಟದ ಪೊಟ್ಟಣ ಹಂಚಲು ಹೋಗಿದ್ದೆ. ಹಾಲಮ್ಮ ಹೊಸ್ತಿಲ ಮೇಲೆ ಕೂತು ಗ್ರೈಂಡರಿನ ಮೋಟಾರಿನಿಂದ ಕೆಸರನ್ನು ಚಮಚದಲ್ಲಿ ಕೆರೆಯುತ್ತಿದ್ದರು. ಹಿಂದಿನ ಗೋಡೆಯಲ್ಲಿ, ದೇವರ ಪಟದ ಮೊಳೆಗಿಂತ ಒಂದು ಗೇಣು ಕೆಳಗೆ, ನೀರು ನಿಂತ ಕಂದು ಗೆರೆ ಕಾಣುತ್ತಿತ್ತು. ಲೆಕ್ಕ ಹಾಕಿದೆ: ನನ್ನ ಎದೆಮಟ್ಟ.

"ಇಪ್ಪತ್ತೆರಡು ಮನೆಗೆ ದೋಸೆಹಿಟ್ಟು ಕೊಡ್ತಿದ್ದೆ ಮೇಡಂ. ಎಲ್ಲಾ ಇದೊಂದ್ರಲ್ಲೇ," ಎಂದರು. "ಈಗ ಸ್ವಿಚ್ ಹಾಕಿದ್ರೆ ಕೆಮ್ಮೋದೂ ಇಲ್ಲ."

ನಾನು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡೆ. ಯಾರೂ ತೆಗೆಯಲು ಹೇಳಿರಲಿಲ್ಲ. ಮನೆಯಿಂದ ಹೊರಡುವಾಗ ಹಾಕಿದ ಬೀಗದ ಫೋಟೋವನ್ನೂ ತೆಗೆದಿಟ್ಟುಕೊಂಡು, ದಾರಿಯಲ್ಲಿ ಎರಡು ಸಲ ನೋಡಿ ಸಮಾಧಾನ ಮಾಡಿಕೊಳ್ಳುವವಳು ನಾನು.

ಊರಿನ ಆಡಳಿತದ ಕಚೇರಿಯಲ್ಲಿ ನಾನು ಗುತ್ತಿಗೆ ನೌಕರಳು. ಶಿವಮೊಗ್ಗದ ಸವಳಂಗ ರಸ್ತೆಯ ಹತ್ತಿರದ ಬಾಡಿಗೆ ಮನೆಯಿಂದ ದಿನಾ ಬಸ್ಸಿನಲ್ಲಿ ಭದ್ರಾವತಿಗೆ ಬಂದು ಹೋಗುತ್ತೇನೆ. ಈ ಕೆಲಸ ಕೊಡಿಸಿದವಳು ರಂಜಿನಿ. ಬಿ.ಎ. ಮೂರು ವರ್ಷವೂ ನಾವು ಒಂದೇ ಬೆಂಚಿನಲ್ಲಿ ಕೂತವರು. ಅವಳು ಪರೀಕ್ಷೆ ಬರೆದು ಅಧಿಕಾರಿಯಾದಳು, ನಾನು ಅವಳ ವಿಭಾಗದಲ್ಲಿ ಸಮೀಕ್ಷೆ ಮಾಡುವವಳಾದೆ. ಬಸ್ಸಿನಲ್ಲಿ ಮಾತ್ರ ಮೊದಲಿನಂತೆಯೇ ಅಕ್ಕಪಕ್ಕ. ಮೊದಲು ಹತ್ತಿದವಳು ಇನ್ನೊಬ್ಬಳಿಗೆ ಕರ್ಚೀಫು ಹಾಕಿ ಸೀಟು ಹಿಡಿಯುತ್ತಿದ್ದಳು.

ನೆರೆ ಇಳಿದ ವಾರ ಕೌನ್ಸಿಲ್ ಸಭೆ ಸೇರಿ, ಆಪತ್ತು ನಿಧಿಯಿಂದ ಹೊಳೆದಂಡೆಯ ಕುಟುಂಬಗಳಿಗೆ ನೆರವು ಎಂದು ತೀರ್ಮಾನಿಸಿತು. ದುಡಿಯುವ ಸಾಮಾನು ಹಾಳಾದವರಿಗೆ ಅದೇ ಸಾಮಾನು ಹೊಸದು. ಹೊಲಿಗೆ ಯಂತ್ರ ಹೋದವರಿಗೆ ಹೊಲಿಗೆ ಯಂತ್ರ, ಗ್ರೈಂಡರ್ ಹೋದವರಿಗೆ ಗ್ರೈಂಡರ್. ಇಂಥ ಸ್ಪಷ್ಟವಾದ ಠರಾವನ್ನು ನಾನು ಆ ಕಚೇರಿಯಲ್ಲಿ ಹಿಂದೆಂದೂ ಓದಿರಲಿಲ್ಲ. ಖುಷಿಯಾಗಿ ಎರಡು ಸಲ ಓದಿದೆ.

ಹಾಲಮ್ಮನ ಓಣಿ ನನ್ನ ಪಾಲಿಗೆ ಬಂತು. ಅಲ್ಲಿ ನಾನೊಂದು ತಪ್ಪು ಮಾಡಿದೆ. ಹಿಂದಿನ ದಿನವೇ ಹೋಗಿ, "ನಾಳೆ ಹನ್ನೊಂದು ಗಂಟೆಗೆ ಸರ್ವೆಗೆ ಬರ್ತೀನಿ, ಎಲ್ಲರೂ ಮನೇಲಿರಿ," ಎಂದು ಹೇಳಿ ಬಂದೆ. ಹೇಳದೆ ಕೇಳದೆ ಇನ್ನೊಬ್ಬರ ಮನೆಗೆ ನುಗ್ಗಬಾರದು ಎಂಬುದು ನನ್ನ ಮರ್ಯಾದೆ.

ಓಣಿಗೂ ಅದರದೇ ಒಂದು ಮರ್ಯಾದೆ ಇತ್ತು. ಮರುದಿನ ಹೋದಾಗ ನಾನು ದಾರಿ ತಪ್ಪಿದೆನೇನೋ ಅಂದುಕೊಂಡೆ. ಬಾಗಿಲು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಿದ್ದರು. ನೆನೆದ ಹಾಸಿಗೆಗಳನ್ನೆಲ್ಲ ಹೊಳೆಗೆ ಎಸೆದಿದ್ದರು. ಎದುರು ಮನೆಯ ಜೈನಾಬಿ ಚಾಪೆಯ ಮೇಲೆ ಇಸ್ತ್ರಿ ಮಾಡಿದ ಬೆಡ್‌ಶೀಟು ಹಾಸಿ ಕಾಯುತ್ತಿದ್ದರು. ಹಾಲಮ್ಮನ ಮನೆಯ ಗೋಡೆಗೆ ಹಸಿ ಸುಣ್ಣ. ಕಂದು ಗೆರೆ ಇದ್ದ ಜಾಗ ಹಾಲಿನಂತೆ ಬೆಳ್ಳಗಿತ್ತು.

"ಇದೇನು ಹಾಲಮ್ಮಾ, ಯಾಕೆ ಸುಣ್ಣ ಹೊಡೆದ್ರಿ?"

"ಮತ್ತೆ? ಆಫೀಸಿನೋರು ಬರ್ತಾರೆ ಅಂದ್ಮೇಲೆ ಕೊಚ್ಚೇಲಿ ಕೂರ್ಸಕ್ಕಾಗುತ್ತಾ? ಕೂತ್ಕೊಳ್ಳಿ, ಕುರ್ಚಿ ಜೈನಾಬಿದು, ಕಪ್ಪು ನಂದು," ಎಂದು ನಕ್ಕು ಟೀ ಕೊಟ್ಟರು. ಗ್ರೈಂಡರನ್ನು ಮೂಲೆಗೆ ಸರಿಸಿ ಮೇಲೊಂದು ಹಳೆಯ ಸೀರೆ ಹೊದಿಸಿದ್ದರು, ಹೆಣಕ್ಕೆ ಹೊದಿಸಿದ ಹಾಗೆ.

ಸರ್ವೆಗೆಂದು ಮೊಬೈಲಿಗೆ ಹಾಕಿಕೊಟ್ಟ ಆಪ್‌ನಲ್ಲಿ ಒಂದು ಮನೆಗೆ ಒಂದೇ ಫೋಟೋ, ಅದೂ ಅಲ್ಲೇ ನಿಂತು ಆಗಲೇ ತೆಗೆದದ್ದು. ಹಳೆಯ ಫೋಟೋ ಸೇರಿಸಲು ಬರುವುದಿಲ್ಲ. ಬೆಳ್ಳನೆಯ ಗೋಡೆಯ ಫೋಟೋವೇ ಕಚೇರಿಗೆ ಹೋಯಿತು. ಹಾಗಾಗಿ ಕಾಗದದ ನಮೂನೆಯ ಷರಾ ಕಾಲಂನಲ್ಲಿ ಒಂದೊಂದು ಮನೆಗೂ ಕೈಯಲ್ಲಿ ಬರೆದೆ. ಹಾಲಮ್ಮನದಕ್ಕೆ ಹೀಗೆ: "ಮನೆಯವರು ಸ್ವತಃ ಶುಚಿ ಮಾಡಿಕೊಂಡಿದ್ದಾರೆ. ನೀರು ಎದೆಮಟ್ಟಕ್ಕೆ ಬಂದಿದ್ದನ್ನು ನಾನೇ ನೋಡಿದ್ದೇನೆ. ಗ್ರೈಂಡರ್ ಪೂರ್ತಿ ಹಾಳಾಗಿದೆ. ಜೀವನಕ್ಕೆ ಬೇರೆ ಆಧಾರವಿಲ್ಲ."

ಹೊರಡುವಾಗ ಹಾಲಮ್ಮ ಓಣಿಯ ತುದಿಯವರೆಗೂ ಬಂದರು. "ಬಸ್‌ಸ್ಟ್ಯಾಂಡ್ ಹತ್ರದ ಹೋಟೆಲಿನೋರು ಅಡಿಗೆಗೆ ಕರೀತಿದಾರೆ ಮೇಡಂ. ನಾಡಿದ್ದಿಂದ್ಲೇ ಬಾ ಅಂತಾರೆ. ಹೋದ್ರೆ ಬೆಳಿಗ್ಗೆಯಿಂದ ಸಂಜೆತನ್ಕ ಅಲ್ಲೇ, ನನ್ ಹಿಟ್ಟಿನ ಮನೆಗಳು ಕೈಬಿಟ್ಟಂಗೆ. ಗ್ರೈಂಡರ್ ಬರೋದು ಹೌದು ಅಂದ್ರೆ ನಾ ಒಲ್ಲೆ ಅಂತೀನಿ. ನೀವೇ ಹೇಳಿ."

ನಾನು ಯಾರಿಗೂ ಸುಲಭಕ್ಕೆ ಮಾತು ಕೊಡುವವಳಲ್ಲ. 'ನೋಡೋಣ', 'ಆಗಬಹುದು', 'ಕೇಳಿ ಹೇಳ್ತೀನಿ' ಎಂಬ ಮಾತುಗಳಲ್ಲೇ ಮೂವತ್ತೆಂಟು ವರ್ಷ ದಾಟಿಸಿದ್ದೇನೆ. ಆ ದಿನ ಮಾತ್ರ, ಠರಾವಿನ ಸ್ಪಷ್ಟತೆಯೋ, ಆ ಟೀಯ ಋಣವೋ, "ಬರುತ್ತೆ ಹಾಲಮ್ಮಾ. ನಿಮ್ಮ ಹೆಸರು ಇರುತ್ತೆ," ಎಂದುಬಿಟ್ಟೆ.

ಸಂಜೆ ಬಸ್ಸಿನಲ್ಲಿ ರಂಜಿನಿಗೆ ಎಲ್ಲ ಹೇಳಿದೆ. ಸುಣ್ಣದ ವಿಷಯ, ಒಂದೇ ಫೋಟೋದ ವಿಷಯ. ಅವಳು ನಮೂನೆಗಳನ್ನು ತಿರುವಿ ನೋಡಿ, "ನಿನ್ ಷರಾ ಓದಿದ್ರೆ ಅಳು ಬರುತ್ತೆ ಮಾರಾಯ್ತಿ. ನಂಗೆ ಬಿಡು, ನೋಡ್ಕೋತೀನಿ," ಎಂದಳು. ಆಮೇಲೆ ಬ್ಯಾಗಿನಿಂದ ಒಂದು ಖಾಲಿ ಹಾಳೆ ತೆಗೆದಳು. ಕೆಳಗಡೆ ನನ್ನ ಹೆಸರು ಮಾತ್ರ ಟೈಪಾಗಿತ್ತು. "ಕೊನೇ ಹಾಳೆಗೆ ಸೈನ್ ಹಾಕ್ಕೊಡೇ. ರಿಪೋರ್ಟು ನಾಳೆ ಬೆಳಿಗ್ಗೇನೇ ಹೋಗ್ಬೇಕು."

"ಓದದೇನಾ?"

"ಅಯ್ಯೋ ಇವ್ಳೇ! ನಿನ್ ನೋಟ್ಸ್ ಓದಿ ಡಿಗ್ರಿ ಪಾಸಾದವ್ಳು ನಾನು. ನಿನ್ ಮಾತು ಬದ್ಲಾಯಿಸ್ತೀನಾ?"

ನಮ್ಮಲ್ಲಿ ಅದೇನು ಹೊಸದಲ್ಲ. ಗುತ್ತಿಗೆಯವರೆಲ್ಲ ಕೊನೆಯ ಹಾಳೆಗೆ ಮೊದಲೇ ಸಹಿ ಹಾಕಿಕೊಟ್ಟಿರುತ್ತಾರೆ. ವರದಿ ಆಮೇಲೆ ಟೈಪಾಗುತ್ತದೆ, ಹಾಳೆ ಹಿಂದೆ ಸೇರಿಕೊಳ್ಳುತ್ತದೆ. ಆದರೆ ಅಲ್ಲಿಯವರೆಗೆ ನಾನು ಹಾಗೆ ಕೊಟ್ಟಿರಲಿಲ್ಲ. ಬಸ್ಸು ಕುಲುಕುತ್ತಿತ್ತು. ಅವಳ ಬ್ಯಾಗಿನ ಮೇಲೆ ಹಾಳೆ ಇಟ್ಟು ಸಹಿ ಹಾಕಿದೆ.

ಹದಿನೆಂಟು ದಿನದ ಮೇಲೆ ಪಟ್ಟಿ ನೋಟಿಸ್ ಬೋರ್ಡಿಗೆ ಬಂತು. ಆ ಓಣಿಯ ಇಪ್ಪತ್ತಾರು ಮನೆಗಳಲ್ಲಿ ಒಂದೇ ಹೆಸರು. ಅದು ಬಾಡಿಗೆಯವರು ಬಿಟ್ಟುಹೋಗಿ ನೆರೆಗೂ ಮೊದಲೇ ಬೀಗ ಬಿದ್ದಿದ್ದ ಮನೆ. ಮಾಲೀಕರು ಹೊಳೆಹೊನ್ನೂರಿನಲ್ಲಿದ್ದಾರೆ. ಗುಡಿಸುವವರಿಲ್ಲದೆ ಕೆಸರು ಹಾಗೇ ಇತ್ತು, ಕಿಟಕಿಯಿಂದ ತೆಗೆದ ನನ್ನ ಫೋಟೋದಲ್ಲಿ ಚೆನ್ನಾಗಿಯೇ ಬಿದ್ದಿತ್ತು. ಉಳಿದವರು ಪಟ್ಟಿಯಲ್ಲಿಲ್ಲ.

ಫೈಲು ಸಿಗಲು ಅರ್ಧ ದಿನ ಬೇಕಾಯಿತು. ವರದಿಯಲ್ಲಿ ಹಾಲಮ್ಮನ ಹೆಸರಿನ ಮುಂದೆ ನನ್ನ ಷರಾ ಇತ್ತು. "ಮನೆಯವರು ಸ್ವತಃ ಶುಚಿ ಮಾಡಿಕೊಂಡಿದ್ದಾರೆ." ಅಷ್ಟೇ. ಮುಂದಿನ ಮೂರು ವಾಕ್ಯ ಇರಲಿಲ್ಲ. ಜೈನಾಬಿಯ ಹೆಸರಿನ ಮುಂದೆಯೂ ಅದೇ ವಾಕ್ಯ, ಅದರ ಕೆಳಗೂ ಅದೇ. ಇಪ್ಪತ್ತೈದು ಸಲ. ಕೊನೆಗೆ: ಬಹುಪಾಲು ಕುಟುಂಬಗಳು ಚೇತರಿಸಿಕೊಂಡಿರುವುದರಿಂದ, ಉಳಿದ ಹಣವನ್ನು ಶಿವಮೊಗ್ಗದಲ್ಲಿ ನಡೆಸುವ ನೆರೆ ಜಾಗೃತಿ ಸಮಾವೇಶಕ್ಕೆ, ವೇದಿಕೆ, ಊಟ ಮತ್ತು ಮುದ್ರಿತ ಕೈಚೀಲಗಳಿಗೆ ಬಳಸಬಹುದು. ಕೆಳಗೆ ನನ್ನ ಸಹಿ, ಬಸ್ಸಿನ ಕುಲುಕಾಟದಲ್ಲಿ ಬಾಲ ಉದ್ದವಾದದ್ದು.

ರಂಜಿನಿ ಕೈಚೀಲದ ಸ್ಯಾಂಪಲ್ ನೋಡುತ್ತಿದ್ದಳು. "ಹಳದಿ ಚೆನ್ನಾಗಿದೆಯಾ, ಹಸಿರಾ?" ಎಂದು ನನ್ನನ್ನೇ ಕೇಳಿದಳು.

"ನನ್ ಷರಾ ಪೂರ್ತಿ ಯಾಕೆ ಹಾಕ್ಲಿಲ್ಲ?"

"ಕಾಲಂನಲ್ಲಿ ಜಾಗ ಎಲ್ಲಿದೆ?" ಮೊದಲು ನಕ್ಕಳು. ನಾನು ನಗದಿದ್ದಾಗ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಮೇಲಿಂದ ಹೇಳಿದ್ರು ಕಣೇ. ಸಮಾವೇಶ ಆಗ್ಲೇಬೇಕಂತೆ. ನಾನೇನ್ ಮಾಡ್ಲಿ? ನಿನ್ ಫೋಟೋದಲ್ಲೂ ಮನೆ ಲಕಲಕ ಅಂತಿದೆ. ಸುಳ್ಳೇನೂ ಬರ್ದಿಲ್ವಲ್ಲ ನಾನು. ಮುಂದಿನ ಸಲ ನೋಡೋಣ."

'ನೋಡೋಣ.' ಅದು ನನ್ನ ಮಾತು. ಅವಳ ಬಾಯಲ್ಲಿ ಕೇಳಿದಾಗ ಅದು ಎಷ್ಟು ತಣ್ಣಗಿದೆ ಎಂದು ಗೊತ್ತಾಯಿತು.

ಆಕ್ಷೇಪಣೆ ಸಲ್ಲಿಸಲು ಏಳು ದಿನದ ಅವಕಾಶವಿತ್ತು. ನಾಲ್ಕು ದಿನ ನಾನು ಏನೂ ಮಾಡಲಿಲ್ಲ. ಗುತ್ತಿಗೆ ಮಾರ್ಚಿಗೆ ಮುಗಿಯುತ್ತದೆ, ಮುಂದುವರಿಸುವ ಕಾಗದಕ್ಕೆ ಸಹಿ ಹಾಕುವವಳು ರಂಜಿನಿ. ಐದನೆಯ ದಿನ ಕೂತು ಹಾಲಮ್ಮನ ಪರವಾಗಿ ಅರ್ಜಿ ಬರೆದೆ, ಆರನೆಯ ದಿನ ತಿದ್ದಿದೆ. ಏಳನೆಯ ದಿನ ಬೆಳಿಗ್ಗೆ ಹಾಲಮ್ಮನ ಸಹಿಗೆ ಓಣಿಗೆ ಹೋದೆ.

ಬಾಗಿಲು ತೆರೆದಿತ್ತು. ಅಂಗಳ ಗುಡಿಸಿರಲಿಲ್ಲ. ಹಾಲಮ್ಮ ಒರಳಿನ ಮುಂದೆ ಕೂತು ಕೈಯಲ್ಲೇ ಅಕ್ಕಿ ರುಬ್ಬುತ್ತಿದ್ದರು. ನನ್ನನ್ನು ನೋಡಿಯೂ ಏಳಲಿಲ್ಲ.

"ಬನ್ನಿ ಮೇಡಂ. ಇನ್ನೊಂದ್ ಫೋಟೋ ಬೇಕಿತ್ತಾ? ಮೊದ್ಲೇ ಹೇಳಿದ್ರೆ ಹೊಳೆಯಿಂದ ನಾಕ್ ಬುಟ್ಟಿ ಕೆಸ್ರು ತಂದ್ ಸುರ್ಕೋತಿದ್ದೆ."

ಕುರ್ಚಿ ಬರಲಿಲ್ಲ. ಟೀಯ ಮಾತು ಬರಲಿಲ್ಲ. ಹಾಗೇ ಬಾಗಿಲಲ್ಲಿ ನಿಂತು, "ಹೋಟೆಲಿನ ಕೆಲಸ?" ಎಂದೆ.

"ಒಲ್ಲೆ ಅಂದ್ನಲ್ಲ, ನಿಮ್ ಮಾತು ಕೇಳಿ. ಬೇರೆಯೋಳು ಸೇರ್ಕೊಂಡ್ಳು." ರುಬ್ಬುಗುಂಡು ನಿಲ್ಲಲಿಲ್ಲ. "ಇಪ್ಪತ್ತೆರಡರಲ್ಲಿ ಈಗ ಐದು ಮನೆ. ಉಳ್ದೋರು ಪ್ಯಾಕೆಟ್ ಹಿಟ್ಟು ತಗೋತಾರೆ. ರಟ್ಟೆ ಎಷ್ಟು ಮನೆಗೆ ತಿರುಗುತ್ತೆ?"

ಅರ್ಜಿಯ ವಿಷಯ ಹೇಳಿದೆ. ಓದಿ ಎಂದರು. ಓದಿದೆ. ನಾನು ಬಹಳ ಎಚ್ಚರದಿಂದ ಬರೆದ ಅರ್ಜಿ ಅದು. 'ಸಮೀಕ್ಷೆಯ ಹಂತದಲ್ಲಿ ಕೆಲವು ಲೋಪಗಳು ಉಂಟಾಗಿರುವುದು ಕಂಡುಬಂದಿದ್ದು' ಎಂದಾಗ ಹಾಲಮ್ಮ ಕೈ ನಿಲ್ಲಿಸಿದರು.

"ಯಾರಿಂದ ಆಯ್ತು?"

"ಅದು... ಕಚೇರಿಯ ಹಂತದಲ್ಲಿ..."

"ಹಂತಕ್ಕೆ ಕೈ ಇರುತ್ತಾ ಮೇಡಂ? ಬರೆದೋರು ಯಾರು, ಸೈನ್ ಹಾಕಿದೋರು ಯಾರು? ನನ್ ಹೆಸ್ರು ಮೂರು ಸಲ ಬರ್ದಿದೀರಿ. ನಿಮ್ ಹೆಸ್ರು ಎಲ್ಲೂ ಕೇಳಿಸ್ಲಿಲ್ಲ."

ಎದುರು ಮನೆಯ ಬಾಗಿಲಲ್ಲಿ ಜೈನಾಬಿ ನಿಂತಿದ್ದರು. ಅವರು ಒಳಗೆ ಹೋಗಲಿಲ್ಲ.

ಹೊಸ್ತಿಲ ಮೇಲೆ ಕೂತೆ. ಮಂಡಿಯ ಮೇಲೆ ಇನ್ನೊಂದು ಹಾಳೆ ಇಟ್ಟು ಮತ್ತೆ ಬರೆದೆ. 'ಸಮತಾ ಎಂಬ ನಾನು, ಈ ಮನೆಯಲ್ಲಿ ಎದೆಮಟ್ಟ ನೀರು ನಿಂತ ಗುರುತನ್ನು ಕಣ್ಣಾರೆ ನೋಡಿದ್ದೇನೆ. ಆಗ ತೆಗೆದ ಫೋಟೋ ಲಗತ್ತಿಸಿದ್ದೇನೆ. ಸರ್ವೆಗೆ ಬರುವ ಸುದ್ದಿಯನ್ನು ಹಿಂದಿನ ದಿನವೇ ಹೇಳಿದವಳು ನಾನು, ಆದ್ದರಿಂದಲೇ ಓಣಿಯವರು ಮನೆಗಳನ್ನು ಶುಚಿ ಮಾಡಿದರು. ವರದಿಯನ್ನು ಓದದೆ, ಖಾಲಿ ಹಾಳೆಗೆ ಸಹಿ ಮಾಡಿಕೊಟ್ಟಿದ್ದೇನೆ. ಅದರಲ್ಲಿ ಇರುವುದು ನನ್ನ ಪೂರ್ತಿ ಮಾತಲ್ಲ.' ಗಟ್ಟಿಯಾಗಿ ಓದಿದೆ. ಹಾಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡರು. ನನ್ನ ಕೊನೆಯ ಸಾಲಿಗೆ ತಾಗಿಸಿ, ನಡುವೆ ಒಂದಕ್ಷರಕ್ಕೂ ಜಾಗ ಬಿಡದೆ ಸಹಿ ಹಾಕಿದರು. ಅದರ ಪಕ್ಕ ನಾನೂ ಸಹಿ ಹಾಕಿದೆ. ಅಕ್ಕಿಹಿಟ್ಟಿನ ಹೆಬ್ಬೆರಳ ಗುರುತು ಹಾಳೆಯ ಅಂಚಿಗೆ ಅಂಟಿತು.

"ಇದ್ರಿಂದ ಗ್ರೈಂಡರ್ ಬರುತ್ತಾ?"

ಬಾಯಿಗೆ ಬಂದ 'ನೋಡೋಣ'ವನ್ನು ನುಂಗಿದೆ. "ಗೊತ್ತಿಲ್ಲ ಹಾಲಮ್ಮಾ. ಬರದೇ ಇರಬಹುದು."

"ಹೂಂ," ಎಂದು ಮತ್ತೆ ರುಬ್ಬತೊಡಗಿದರು.

ಆ ದಿನ ಕಚೇರಿಯಲ್ಲಿ ಟಪಾಲಿನ ಗುಮಾಸ್ತರು ರಜೆ. ಅರ್ಜಿಗಳನ್ನು ರಂಜಿನಿಯೇ ತೆಗೆದುಕೊಳ್ಳುತ್ತಿದ್ದಳು. ನನ್ನದನ್ನು ನಿಧಾನವಾಗಿ ಓದಿದಳು. ಮತ್ತೊಮ್ಮೆ ಮೊದಲಿನಿಂದ ಓದಿದಳು.

"ಇದ್ರಲ್ಲಿ ಹೋಗೋದು ನಿನ್ ಕೆಲ್ಸ ಕಣೇ. ನಂಗೆ ಒಂದು ನೋಟಿಸ್ ಬರುತ್ತೆ ಅಷ್ಟೇ. ವಾಪಸ್ ತಗೋ."

"ಸೀಲ್ ಹಾಕು."

"ಇಷ್ಟು ವರ್ಷದಲ್ಲಿ ನನ್ ಮೇಲೆ ನಿಂಗೆ ನಂಬಿಕೆ ಇದ್ದಿದ್ದು ಇಷ್ಟೇನಾ?"

"ನಂಬಿಕೆ ಇದ್ದಿದ್ದಕ್ಕೇ ಖಾಲಿ ಹಾಳೆಗೆ ಸೈನ್ ಹಾಕಿದ್ದು."

ಅವಳು ನನ್ನ ಮುಖ ನೋಡಲಿಲ್ಲ. ಸೀಲು ಒತ್ತಿ, ದಿನಾಂಕ ಬರೆದು, ಸ್ವೀಕೃತಿಯ ಪ್ರತಿಯನ್ನು ಮೇಜಿನ ಈಚೆಗೆ ತಳ್ಳಿದಳು. "ತಗೊಳ್ಳಿ, ಸಮತಾ ಅವರೇ," ಎಂದಳು. ಇಪ್ಪತ್ತು ವರ್ಷದಲ್ಲಿ ಅವಳು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಭ್ಯಾಸಬಲದಿಂದ ಪಕ್ಕದ ಸೀಟಿಗೆ ಕರ್ಚೀಫು ಹಾಕಿದ್ದೆ. ಬಸ್ಸು ಹೊರಟಾಗ ಒಬ್ಬಾಕೆ, "ಯಾರಾದ್ರೂ ಬರ್ತಾರಾ ಅಕ್ಕ?" ಎಂದು ಕೇಳಿದಳು. "ಇಲ್ಲ, ಕೂತ್ಕೊಳ್ಳಿ," ಎಂದು ಕರ್ಚೀಫು ತೆಗೆದುಕೊಂಡೆ. ಸ್ವೀಕೃತಿಯ ಹಾಳೆಯನ್ನು ತೊಡೆಯ ಮೇಲಿಟ್ಟು, ಸೀಲು ಸರಿಯಾಗಿ ಕಾಣುವ ಹಾಗೆ ಒಂದು ಫೋಟೋ ತೆಗೆದೆ.