ನಾಲ್ವರು ಸಂಸದರ ಹಾಜರಿ

ಮೂವತ್ತೊಂದು ವರ್ಷ ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು ನಾನು. ಯಾವಳು ನಿಜವಾಗಿ ತಲೆನೋವೆಂದು ಮಲಗಿದ್ದಾಳೆ, ಯಾವಳು ಸಿನಿಮಾಕ್ಕೆ ಹೋಗುವುದಕ್ಕಾಗಿ ಮಲಗಿದ್ದಾಳೆ ಎಂದು ಹೊದಿಕೆ ನೋಡಿಯೇ ಹೇಳುತ್ತಿದ್ದೆ. ಅನುಮಾನ ನನ್ನ ದುರ್ಗುಣವಲ್ಲ, ಕಸುಬು. ಅದಕ್ಕೇ ಇರಬೇಕು, ಚುನಾವಣೆಯ ಫಲಿತಾಂಶ ಬಂದ ಮಾರನೇ ದಿನ ನನ್ನ ತಮ್ಮ ನಾಲ್ವರು ಸಂಸದರನ್ನು ಕಾರಿನಲ್ಲಿ ತಂದು ನನ್ನ ಮನೆಗೆ ತುಂಬಿದ.

ಅಮ್ಮ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಎತ್ತಿ ಆಡಿಸಿ ಬೆಳೆಸಿದವಳು ನಾನೇ. ಈಗ ಅವನು, ತಾನೂ ಸೇರಿ ಐದೇ ಸಂಸದರಿರುವ ಪುಟ್ಟ ಪಕ್ಷದ ಮುಖಂಡ. ದೊಡ್ಡ ಪಕ್ಷಗಳೆರಡಕ್ಕೂ ಬಹುಮತ ಬಂದಿರಲಿಲ್ಲ. ಈ ಐವರೂ ಒಟ್ಟಾಗಿ ಯಾರ ಕಡೆ ಹೋದರೆ ಅವರದೇ ಸರ್ಕಾರ. ಒಬ್ಬ ತಪ್ಪಿಸಿಕೊಂಡರೂ ಲೆಕ್ಕಾಚಾರವೆಲ್ಲ ತಲೆಕೆಳಗು.

“ಅಕ್ಕಾ, ಶುಕ್ರವಾರ ನಾವು ಐದೂ ಜನ ಕೂತು ಯಾರ ಜೊತೆ ಅಂತ ತೀರ್ಮಾನ ಮಾಡ್ತೀವಿ. ಅಲ್ಲೀವರೆಗೂ ಇವರನ್ನ ಯಾರೂ ಹಾರಿಸ್ಕೊಂಡು ಹೋಗಬಾರದು. ಫೋನು, ಟಿವಿ, ಪೇಪರ್ ಏನೂ ಬೇಡ. ನಿನ್ನ ಬಿಟ್ರೆ ನನಗೆ ಯಾರಿದಾರೆ ಹೇಳು?” ಎಂದ. ಆ ಕೊನೆಯ ಮಾತಿಗೆ ನಾನು ಕರಗಿಹೋದೆ.

ಪಕ್ಷದ ಹೆಸರು ಅಚ್ಚಾಗಿದ್ದ ಒಂದಷ್ಟು ಖಾಲಿ ಹಾಳೆಗಳನ್ನೂ ಕೊಟ್ಟ. “ಬೆಳಿಗ್ಗೆ ಸಂಜೆ ಹಾಜರಿ ತಗೋ. ಸಹಿ ಕೆಳಗಡೆ ಇರಲಿ, ತಾರೀಕು ಗೀರೀಕು ಮೇಲೆ ನಾನು ಬರ್ಕೋತೀನಿ.” ಹಾಜರಿ ಎಂದರೆ ನನಗೆ ಹೇಳಿಕೊಡಬೇಕೇ? ಊಟಕ್ಕೆ ಮುಂಚೆ ನಾಲ್ವರನ್ನೂ ಸಾಲಾಗಿ ನಿಲ್ಲಿಸಿ ಸಹಿ ಹಾಕಿಸಿ, ಪ್ರತಿ ಸಹಿಯ ಪಕ್ಕದಲ್ಲಿ ನನ್ನದೊಂದು ಪುಟ್ಟ ಟಿಕ್ ಹಾಕಿ, ತಮ್ಮನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೆ.

ನಾಲ್ವರಲ್ಲಿ ಒಬ್ಬರೂ ನಂಬಿಕಸ್ತರಂತೆ ಕಾಣಲಿಲ್ಲ. ಬಸ್ಸುಗಳ ಮಾಲೀಕರು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಪಿಸುಗುಡುತ್ತಿದ್ದರು. ಇನ್ನೊಂದು ಫೋನ್ ಬಚ್ಚಿಟ್ಟುಕೊಂಡಿದ್ದಾರೆ ಎಂದು ಬಾಗಿಲಿಗೆ ಕಿವಿಯಿಟ್ಟರೆ, ಪುಣ್ಯಾತ್ಮರು ಮಂತ್ರಿಯ ಪ್ರಮಾಣವಚನ ಬಾಯಿಪಾಠ ಮಾಡುತ್ತಿದ್ದರು! ಡಾಕ್ಟರಮ್ಮ ನನ್ನ ಅಡುಗೆಯನ್ನು ಮೂರು ಹೊತ್ತೂ ಹೊಗಳಿ ನನಗೆ ಬೆಣ್ಣೆ ಹಚ್ಚುತ್ತಿದ್ದರು. ಲಾಯರ್ ಗೇಟಿನ ಬೀಗವನ್ನೇ ನೋಡುತ್ತ ಕೂರುತ್ತಿದ್ದರು. ಆದರೆ ನನ್ನ ಕಣ್ಣಿದ್ದದ್ದು ಮೇಷ್ಟ್ರ ಮೇಲೆ. ತಮ್ಮ ತಟ್ಟೆ ತಾವೇ ತೊಳೆಯುವುದೇನು, ಕೋಣೆ ಗುಡಿಸುವುದೇನು! ಹಾಸ್ಟೆಲಿನಿಂದ ಓಡಿಹೋಗುವ ಹುಡುಗಿ ಅದಕ್ಕೆ ಮುಂಚೆ ಎರಡು ದಿನ ಹೀಗೇ ಚಿನ್ನದಂಥವಳಾಗಿರುತ್ತಿದ್ದಳು.

ನಾನಂದುಕೊಂಡಂತೆಯೇ ಆಯಿತು. ಗುರುವಾರ ಬೆಳಿಗ್ಗೆ ಹಿತ್ತಲಲ್ಲಿ ನೋಡುತ್ತೇನೆ, ಕಾಂಪೌಂಡ್ ಗೋಡೆಯ ಬುಡದಲ್ಲಿ ಮೇಷ್ಟ್ರ ಚಪ್ಪಲಿ ಮಾತ್ರ ಇದೆ. ತಮ್ಮನಿಗೆ ಯಾವ ಮುಖ ತೋರಿಸಲಿ ಎಂದು ಬೆವರುತ್ತ ಅಲ್ಲೇ ನಿಂತೆ. ಕಾಲು ಗಂಟೆಯಾದ ಮೇಲೆ ಗೋಡೆಯ ಮೇಲೆ ಎರಡು ಕೈ ಕಾಣಿಸಿದವು, ಅವುಗಳ ಹಿಂದೆ ಒಂದು ಬೋಳು ತಲೆ. ಓಡಿಹೋದವರು ತಾವಾಗಿ ವಾಪಸ್ ಬಂದದ್ದನ್ನು ನನ್ನ ಸರ್ವೀಸಿನಲ್ಲಿ ಕಂಡಿರಲಿಲ್ಲ.

“ನಾಚಿಕೆ ಆಗಲ್ವೇನ್ರೀ ಈ ವಯಸ್ಸಲ್ಲಿ?” ಎಂದು ಗದರಿದೆ.

“ಬೈಯೋದು ಆಮೇಲೆ ಬೈಯಿರಿ, ಅಮ್ಮಾ. ಪೇಪರ್ ತರಕ್ಕೆ ಹೋಗಿದ್ದೆ. ಮೊದಲು ಇದನ್ನ ನೋಡಿ,” ಎಂದು ಮೇಷ್ಟ್ರು ಅಂಗಿಯೊಳಗಿಂದ ಪತ್ರಿಕೆ ತೆಗೆದರು.

ಆಡಳಿತ ಪಕ್ಷಕ್ಕೆ ಐವರ ಬೆಂಬಲ, ಹಳೇ ಸರ್ಕಾರವೇ ಮತ್ತೆ ಗದ್ದುಗೆಗೆ ಎಂದು ಮುಖಪುಟದಲ್ಲಿ ದಪ್ಪಕ್ಷರದಲ್ಲಿತ್ತು. ಪಕ್ಕದಲ್ಲೇ ಬೆಂಬಲ ಪತ್ರದ ಚಿತ್ರ. ಕೆಳಗೆ ಐದು ಸಹಿಗಳಿದ್ದವು. ಅವುಗಳಲ್ಲಿ ನಾಲ್ಕರ ಪಕ್ಕ ನನ್ನ ಟಿಕ್.

“ನಾನು ಯಾವ ಪತ್ರಕ್ಕೂ ಸಹಿ ಹಾಕಿಲ್ಲ,” ಎಂದರು ಮೇಷ್ಟ್ರು. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಡ್ರೈವರ್ ಹಾಳೆ ಕದ್ದು ಮಾರಿಕೊಂಡಿರಬೇಕು ಎಂದುಕೊಂಡೆ. ಅವನಲ್ಲದಿದ್ದರೆ ಪತ್ರಿಕೆಯವರದೇ ಏನೋ ಕಿತಾಪತಿ ಎಂದುಕೊಂಡೆ. ಊರಲ್ಲಿದ್ದವರ ಮೇಲೆಲ್ಲ ಅನುಮಾನ ಪಟ್ಟೆ, ಒಬ್ಬನನ್ನು ಬಿಟ್ಟು.

ಮಧ್ಯಾಹ್ನ ತಮ್ಮ ಬಂದ. ಜೊತೆಗೆ ರಾಷ್ಟ್ರಪತಿಗಳ ಕಚೇರಿಯ ಅಧಿಕಾರಿಯೊಬ್ಬರು, ಸಹಿಗಳು ನಿಜವೇ ಎಂದು ಖುದ್ದಾಗಿ ಕೇಳಿಕೊಂಡು ಹೋಗಲು. ಗೇಟಿನಲ್ಲೇ ತಮ್ಮನ ಕೈ ಹಿಡಿದು, ಮೇಷ್ಟ್ರು ಗೋಡೆ ಹಾರಿದ್ದು, ಪತ್ರಿಕೆ ತಂದದ್ದು ಎಲ್ಲವನ್ನೂ ಬಡಬಡಿಸಿದೆ. “ಇದೇನೋ ಇದು?” ಎಂದೆ. ಅವನು ಅಧಿಕಾರಿಯ ಕಡೆ ನೋಡಿ, “ಆಮೇಲೆ ಹೇಳ್ತೀನಿ. ಈಗ ಸುಮ್ನಿರು,” ಎಂದ. ಆಗ ನನಗೆ ಅರ್ಥವಾಯಿತು.

ಅಧಿಕಾರಿಯನ್ನು ಹಜಾರದಲ್ಲಿ ಕೂರಿಸಿ, ನನ್ನ ತಮ್ಮ ಮೇಷ್ಟ್ರನ್ನು ಬಿಟ್ಟು ಉಳಿದ ಮೂವರನ್ನು ಅಡುಗೆಮನೆಗೆ ಕರೆದುಕೊಂಡು ಹೋದ. ಹತ್ತು ನಿಮಿಷದಲ್ಲಿ ಮೂವರೂ ಮುಖ ಅರಳಿಸಿಕೊಂಡು ಬಂದು, ಒಪ್ಪಿಯೇ ಸಹಿ ಹಾಕಿದ್ದೇವೆ ಎಂದರು. ಬಸ್ಸುಗಳ ಮಾಲೀಕರಂತೂ ಕೇಳುವ ಮೊದಲೇ ಹೇಳಿಬಿಟ್ಟರು. ಮೇಷ್ಟ್ರು ಮಾತ್ರ, “ಅದು ಹಾಜರಿ ಸಹಿ, ಇದು ಮೋಸ,” ಎಂದರು.

“ಮೇಷ್ಟ್ರನ್ನ ಆ ಕಡೆಯವರು ಬುಟ್ಟಿಗೆ ಹಾಕ್ಕೊಂಡಿದಾರೆ, ಸಾರ್,” ಎಂದ ನನ್ನ ತಮ್ಮ. “ಬೆಳಿಗ್ಗೆ ಗೋಡೆ ಹಾರಿ ಹೋಗಿದ್ರು. ಬೇಕಾದ್ರೆ ನಮ್ಮಕ್ಕನ್ನೇ ಕೇಳಿ.”

ಅಧಿಕಾರಿ ಪತ್ರವನ್ನು ನನ್ನ ಮುಂದಿಟ್ಟರು. “ಅಮ್ಮಾ, ಈ ಸಹಿಗಳನ್ನ ನಿಮ್ಮೆದುರೇ ಹಾಕಿದ್ದಾ?”

ತಮ್ಮ ನನ್ನನ್ನೇ ನೋಡುತ್ತಿದ್ದ. ಹೆದರಿದ್ದ ಅಂದುಕೊಳ್ಳಬೇಡಿ. ನಿಶ್ಚಿಂತೆಯಾಗಿದ್ದ. ಆ ನಿಶ್ಚಿಂತೆಗೇ ನನ್ನ ಹೊಟ್ಟೆ ಉರಿದುಹೋಯಿತು.

“ಹೌದು,” ಎಂದೆ. “ಊಟಕ್ಕೆ ಮುಂಚೆ, ಹಾಜರಿಗೆ. ಆಗ ಮೇಲೆ ಒಂದಕ್ಷರವೂ ಇರಲಿಲ್ಲ. ಮೇಷ್ಟ್ರು ಹೇಳ್ತಿರೋದು ನಿಜ.”

ಅಧಿಕಾರಿ ಅದನ್ನು ಬರೆದುಕೊಂಡು ನನ್ನಿಂದ ಸಹಿ ಮಾಡಿಸಿಕೊಂಡು ಹೊರಟರು. ಮೇಷ್ಟ್ರು ಚೀಲ ಹೆಗಲಿಗೇರಿಸಿ, ನನಗೆ ಕೈಮುಗಿದು, ಗೇಟಿನಿಂದಲೇ ಹೋದರು. ಉಳಿದ ಮೂವರು ನನ್ನ ಮುಖವನ್ನೂ ನೋಡದೆ ಕಾರು ಹತ್ತಿದರು.

ಹಜಾರದಲ್ಲಿ ಅಕ್ಕ ತಮ್ಮ ಇಬ್ಬರೇ ಉಳಿದೆವು.

“ಸರ್ಕಾರ ಹೋಯ್ತು, ಪಕ್ಷ ಹೋಯ್ತು. ನಾನು ಜೈಲಿಗೂ ಹೋಗಬಹುದು,” ಎಂದ. “ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ನನ್ನ ಕೈಯಲ್ಲೇ ಮಾಡಿಸಿದ್ಯಲ್ಲೋ! ಬೇರೆ ಯಾರೂ ಸಿಗಲಿಲ್ವಾ ನಿನಗೆ?”

ಅವನು ತಲೆ ಎತ್ತಲಿಲ್ಲ. “ಬೇರೆ ಯಾರಾಗಿದ್ರೂ, ಖಾಲಿ ಹಾಳೆ ಯಾಕೆ ಅಂತ ಕೇಳ್ತಿದ್ರು ಅಕ್ಕಾ.”

ಅವನ ಕಪಾಳಕ್ಕೆ ಹೊಡೆಯಬೇಕೆಂದು ಎದ್ದೆ. ಕೈ ಏಳಲಿಲ್ಲ, ಅಳು ಬಂತು.