ಯಾರ ಅಪ್ಪಣೆ

“ಕೈ ಕೆಳಗಿಳ್ಸೇ ಮುಂಡೆ. ಉಚ್ಚೆ ಬಂದ್ರೆ ಬಿಗಿ ಹಿಡ್ಕಂಡು ನಿಂತ್ಕೊ. ಇವತ್ತು ದೊಡ್ಡೋರು ಬತ್ತಾವ್ರೆ.”

ಮೇಸ್ತ್ರಿ ಡೆಂಟನ್ ಹೀಗೆ ಉಗಿದದ್ದು ವರ್ನೆಲ್‌ಗೆ. ಅಮೆರಿಕದ ಅರ್ಕಾನ್ಸಾದ ಆ ಕೋಳಿ ಮಾಂಸದ ಕಾರ್ಖಾನೆಯಲ್ಲಿ ಮೂತ್ರಕ್ಕೆ ಹೋಗಬೇಕೆಂದರೂ ಕೈಯೆತ್ತಿ ಅಪ್ಪಣೆ ಕೇಳಬೇಕು. ಬದಲಿ ಆಳು ಬರುವ ತನಕ ಕೋಳಿಗಳು ಸಾಗಿಬರುವ ಬೆಲ್ಟು ಬಿಟ್ಟು ಕದಲುವಂತಿಲ್ಲ. ವರ್ನೆಲ್ ಕೈ ಇಳಿಸಿ, ಎದುರಿಗೆ ಬಂದ ಕೋಳಿಯ ರೆಕ್ಕೆ ಕತ್ತರಿಸಿದಳು. ಕೆಳಹೊಟ್ಟೆ ಕಲ್ಲಾಗಿತ್ತು.

ಆದರೂ ಬರುವವನು ಸಂಸದನೆಂದು ತಿಳಿದು, ಮಗನ ವಿಷಯ ಅವನನ್ನೇ ಕೇಳಬಹುದೆಂದು ಅವಳಿಗೆ ಹೋದ ಜೀವ ಬಂದಂತಾಯಿತು. ಮಗ ಟೆರಿಲ್ ಸೈನ್ಯದಲ್ಲಿದ್ದ. ಯುದ್ಧ ಆಗಬೇಕಾದರೆ ಸಂಸತ್ತಿನಲ್ಲಿ ಮತ ಹಾಕಬೇಕು, ಅಲ್ಲಿಯವರೆಗೆ ನಮ್ಮನ್ನು ಎಲ್ಲಿಗೂ ಕಳಿಸುವುದಿಲ್ಲ ಎಂದು, ಶಾಲೆಯಲ್ಲಿ ಕಲಿತದ್ದನ್ನೇ ಅವನು ಅವ್ವನಿಗೆ ಹೇಳಿ ಹೋಗಿದ್ದ. ಈ ಸಂಸದನೂ ಚುನಾವಣೆಗೆ ಮುಂಚೆ ಅವರ ಚರ್ಚಿಗೆ ಬಂದು, ಯುದ್ಧಕ್ಕೆ ನನ್ನ ಮತವಿಲ್ಲ ಎಂದು ಬೈಬಲ್ ಮುಟ್ಟಿ ಹೇಳಿದ್ದ. ಪಾಪ, ವರ್ನೆಲ್ ಆ ಮತದಾನದ ಸುದ್ದಿಗೇ ಕಾಯುತ್ತಿದ್ದಳು. ಒಂದು ಬೆಳಿಗ್ಗೆ ಅಧ್ಯಕ್ಷರು ಟೀವಿಯಲ್ಲಿ ಬಂದು, ದೂರದ ದೇಶವೊಂದರ ಮೇಲೆ ಬಾಂಬು ಹಾಕಿಸಿದ್ದಾಯಿತು ಎಂದರು. ಟೆರಿಲ್ ಆಗಲೇ ವಿಮಾನ ಹತ್ತಿಯಾಗಿತ್ತು. ಆಮೇಲೆ ಅವನ ದನಿ ಅವಳ ಕಿವಿಗೆ ಬಿದ್ದಿಲ್ಲ.

ಸಂಸದ ಬಂದ. ಬೆಲ್ಟು ನಿಂತಿತು. ಸೈನಿಕನ ತಾಯಿ ಎಂದು ಡೆಂಟನ್ ಅವಳನ್ನೇ ಎಳೆದು ತಂದು ಅವನ ಪಕ್ಕ ಫೋಟೋಗೆ ನಿಲ್ಲಿಸಿದ.

“ನೀವು ಮತ ಹಾಕಿದ್ರಾ ಸಾಹೇಬ್ರೇ?” ಎಂದು ಅವಳು ಕೇಳಿಯೇಬಿಟ್ಟಳು.

“ಮತಕ್ಕೇ ಬರ್ಲಿಲ್ಲಮ್ಮ. ಅಧ್ಯಕ್ಷರು ನಮ್ಮನ್ನ ಕೇಳ್ಲಿಲ್ಲ.”

“ನೀವಾದ್ರೂ ಕೇಳ್ಬೋದಿತ್ತಲ್ಲ?”

“ಸಂಸತ್ತಿಗೆ ರಜ ಇತ್ತು. ಯುದ್ಧ ಶುರುವಾದ್ಮೇಲೆ ಬೇಡ ಅಂದ್ರೆ ನಿನ್ನ ಮಗನಿಗೇ ದ್ರೋಹ ಮಾಡ್ದಂಗೆ” ಎಂದು ಅವನು ಅವಳ ಹೆಗಲ ಮೇಲೆ ಕೈಯಿಟ್ಟ.

ವರ್ನೆಲ್‌ಗೆ ಮೈಯೆಲ್ಲ ಉರಿಯಿತು. ಬೈಯೋಣವೆಂದರೆ ಇರುವ ಕೂಲಿಗೂ ಕಲ್ಲು ಬೀಳುತ್ತದೆ. ಸ್ವಲ್ಪ ನಗಿ ಎಂದ ಫೋಟೋದವನು. ಅವಳು ಅಷ್ಟು ಹೊತ್ತು ಬಿಗಿಹಿಡಿದದ್ದನ್ನು ನಿಂತಲ್ಲೇ ಬಿಟ್ಟಳು. ಬೆಚ್ಚಗೆ ಇಳಿದು, ನೆಲದ ಮೇಲೆ ಹರಿದು, ಅದು ಸಂಸದನ ಬೂಟಿನ ಸುತ್ತ ನಿಂತಿತು.

“ಥೂ, ಹೇಸಿಗೆ ಮುಂಡೆ, ಏನೇ ಇದು” ಎಂದ ಡೆಂಟನ್.

ಅವಳು ಅತ್ತ ತಿರುಗಲಿಲ್ಲ. “ನನ್ ಮಗ ಪೆಟ್ಟಿಗೇಲಿ ಬಂದ್ರೆ, ಆವಾಗಾದ್ರೂ ನಿಮ್ಮನ್ನ ಕೇಳ್ತಾರಾ ಸಾಹೇಬ್ರೇ?”

ಸಂಸದ ಬೂಟು ನೋಡಿಕೊಳ್ಳುತ್ತಿದ್ದ. ಯಾರೋ ಬೆಲ್ಟು ಶುರುಮಾಡಿದರು.